ಮನೆಯ ಹಿರಿಯರ ಮಾತ್ರೆ: ಅಟೆಂಡರ್ ಏನು ಮಾಡಬಹುದು, ಎಲ್ಲಿ ನಿಲ್ಲಬೇಕು

ಮೈಸೂರಿನ ಒಂದು ಮನೆಗೆ ಬೆಳಗ್ಗೆ ಎಂಟೂವರೆಗೆ ಹೋಗಿದ್ದೆ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಒಳಗಿನಿಂದ ಟಣ್ ಟಣ್ ಎಂಬ ಸದ್ದು. ಅಡುಗೆಮನೆಗೆ ಇಣುಕಿದರೆ, ಅಜ್ಜಿಯನ್ನು ನೋಡಿಕೊಳ್ಳುವ ಹುಡುಗಿ ಎಲೆ ಅಡಿಕೆ ಕುಟ್ಟುವ ಹಿತ್ತಾಳೆಯ ಕುಟ್ಟಾಣಿಯಲ್ಲಿ ಬೆಳಗಿನ ಐದೂ ಮಾತ್ರೆಗಳನ್ನು ಹಾಕಿ ಕುಟ್ಟುತ್ತಿದ್ದಳು. ಪಕ್ಕದಲ್ಲಿ ಜೇನುತುಪ್ಪದ ಬಾಟಲಿ, ಒಂದು ಚಮಚ. ‘ಅಜ್ಜಿಗೆ ನುಂಗಲು ಆಗುತ್ತಿಲ್ಲ ಸಿಸ್ಟರ್. ಅಕ್ಕ ಫೋನಿನಲ್ಲಿ ಪುಡಿ ಮಾಡಿ ಕೊಡು ಎಂದರು’ ಎಂದಳು.

ಆ ಐದರಲ್ಲಿ ಒಂದು ಶುಗರ್ ಮಾತ್ರೆ. ಸ್ಟ್ರಿಪ್ಪಿನ ಮೇಲೆ ಹೆಸರಿನ ಪಕ್ಕದಲ್ಲಿ ಎಸ್‌ಆರ್ ಎಂಬ ಎರಡು ಅಕ್ಷರ ಇತ್ತು. ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಳ್ಳಬೇಕಾದ ಮಾತ್ರೆ ಅದು. ಪುಡಿ ಮಾಡಿದರೆ ಅಷ್ಟೂ ಮದ್ದು ಒಂದೇ ಸಲ ಇಳಿಯುತ್ತದೆ. ಇನ್ನೊಂದು ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯ ಆಮ್ಲ ತಾಗದಂತೆ ಅದಕ್ಕೆ ಮೇಲೊಂದು ಲೇಪ ಇರುತ್ತದೆ. ಕುಟ್ಟಿದರೆ ಲೇಪ ಹೋಗಿ ಮದ್ದು ಕರುಳು ಮುಟ್ಟುವ ಮೊದಲೇ ಕೆಡುತ್ತದೆ. ಹುಡುಗಿಗೆ ಇದು ತಿಳಿದಿರಲಿಲ್ಲ, ತಿಳಿದಿರಬೇಕೆಂದೂ ಇರಲಿಲ್ಲ. ಬೇರೆ ಊರಿನಲ್ಲಿದ್ದ ಮಗಳಿಗೂ ತಿಳಿದಿರಲಿಲ್ಲ. ವೈದ್ಯರನ್ನು ಯಾರೂ ಕೇಳಿರಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ಕಾಲ ದುಡಿದು, ಈಗ ಮನೆಗಳಿಗೆ ಹೋಗಿ ಹಿರಿಯರನ್ನು ನೋಡುವ ನರ್ಸ್ ನಾನು. ಮನೆಗಳಲ್ಲಿ ನಾನು ಕಂಡ ಮಾತ್ರೆಯ ತಪ್ಪುಗಳಲ್ಲಿ ಹೆಚ್ಚಿನವು ಅಟೆಂಡರಿನ, ಅಂದರೆ ನರ್ಸ್ ಅಲ್ಲದ ಆರೈಕೆಯವರ, ಅಜಾಗ್ರತೆಯಿಂದ ಆದವಲ್ಲ. ತೀರ್ಮಾನ ಮಾಡಬೇಕಾದವರು ಅದನ್ನು ಆಕೆಯ ತಲೆಗೆ ಕಟ್ಟಿ ಫೋನ್ ಇಟ್ಟಿದ್ದರಿಂದ ಆದವು. ಮದ್ದಿನ ವಿಷಯದಲ್ಲಿ ಆರೈಕೆಯವರ ಕೈ, ಕಣ್ಣು, ನೆನಪು ಇವುಗಳ ಸಹಾಯವನ್ನು ಧಾರಾಳವಾಗಿ ಪಡೆಯಬಹುದು. ಯಾವ ಮದ್ದು, ಎಷ್ಟು, ಕೊಡಬೇಕೇ ಬೇಡವೇ ಎಂಬುದನ್ನು ಮಾತ್ರ ಅವರಿಗೆ ಬಿಡಬಾರದು. ಈ ಗೆರೆಯನ್ನು ಮನೆಯಲ್ಲಿ ಹೇಗೆ ಎಳೆದುಕೊಳ್ಳುವುದು ಎಂದು ಇಲ್ಲಿ ಹೇಳುತ್ತೇನೆ. ಮನೆಯವರೂ ಆರೈಕೆಯವರೂ ಒಟ್ಟಿಗೆ ಕೂತು ಓದಿದರೆ ಒಳ್ಳೆಯದು.

ಮೊದಲು, ಬಂದವರು ಯಾರೆಂದು ಕೇಳಿ

ನಮ್ಮಲ್ಲಿ ಮನೆಗೆ ಬಂದು ರೋಗಿಯನ್ನು ನೋಡಿಕೊಳ್ಳುವ ಎಲ್ಲರನ್ನೂ ‘ಹೋಮ್ ನರ್ಸ್’ ಎಂದುಬಿಡುತ್ತೇವೆ. ಗೊಂದಲ ಶುರುವಾಗುವುದೇ ಇಲ್ಲಿ. ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ನರ್ಸ್. ಕೆಲವು ತಿಂಗಳ ತರಬೇತಿ ಪಡೆದ ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ಅಥವಾ ಹೋಮ್ ಹೆಲ್ತ್ ಏಡ್‌ಗಳು ಬೇರೆ. ಯಾವ ತರಬೇತಿಯೂ ಇಲ್ಲದೆ, ತಮ್ಮ ಮನೆಯ ಹಿರಿಯರನ್ನು ನೋಡಿಕೊಂಡ ಅನುಭವದಿಂದಲೇ ಕೆಲಸಕ್ಕೆ ಬಂದವರೂ ಇದ್ದಾರೆ. ಅವರಲ್ಲಿ ಕೆಲವರ ಕೈ ಎಷ್ಟು ಮೃದು ಎಂದರೆ ನಮ್ಮಂಥವರು ನೋಡಿ ಕಲಿಯಬೇಕು. ಆದರೆ ಸೂಜಿ ಹಿಡಿಯುವ ಅಧಿಕಾರ ಮೃದುತನದಿಂದ ಬರುವುದಿಲ್ಲ.

ಏಜೆನ್ಸಿಯವರು ‘ನರ್ಸ್ ಕಳಿಸುತ್ತೇವೆ’ ಎಂದರೆ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮಾನವಲ್ಲ, ನಿಜವಾದ ನರ್ಸ್ ಸಂತೋಷದಿಂದ ತೋರಿಸುತ್ತಾರೆ. ಬಂದವರು ಅಟೆಂಡರ್ ಎಂದಾದರೆ ಮೊದಲ ದಿನವೇ ಎದುರು ಕೂರಿಸಿಕೊಂಡು ಯಾವ ಕೆಲಸ ಅವರದು, ಯಾವುದು ಅಲ್ಲ ಎಂದು ಹೇಳಿ. ‘ಮಾತ್ರೆ ಕೊಡಬೇಕು ಅಷ್ಟೇ’ ಎಂಬ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಅಮೆರಿಕದ ಹಲವು ರಾಜ್ಯಗಳ ನಿಯಮಗಳು ಇಲ್ಲಿ ಒಂದು ಒಳ್ಳೆಯ ಭೇದ ಮಾಡುತ್ತವೆ. ತಾವಾಗಿಯೇ ಮದ್ದು ತೆಗೆದುಕೊಳ್ಳುವವರಿಗೆ ನೆರವಾಗುವುದು ಒಂದು. ಮದ್ದು ಕೊಡುವ ಹೊಣೆ ಹೊರುವುದು ಇನ್ನೊಂದು. ಮೊದಲನೆಯದು ಆರೈಕೆಯವರ ಕೆಲಸ, ಎರಡನೆಯದು ನರ್ಸಿನದು ಅಥವಾ ನರ್ಸ್ ಕಲಿಸಿ ಒಪ್ಪಿಸಿದವರದು. ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ; ಅಲ್ಲಿ ತಂದೆ ತಾಯಿಯನ್ನು ಇಟ್ಟುಕೊಂಡಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಬೇಕು. ಇಲ್ಲಿ, ನಮ್ಮ ಮನೆಗಳಲ್ಲಿ, ಆ ಗೆರೆಯನ್ನು ಮನೆಯವರೇ ಎಳೆದುಕೊಡಬೇಕು.

ಒಂದೇ ಒಂದು ಹಾಳೆ

ಹಲವು ಮನೆಗಳಲ್ಲಿ ಹೃದಯದ ಡಾಕ್ಟರ ಚೀಟಿ ಬೀರುವಿನಲ್ಲಿ, ಮೂಳೆ ಡಾಕ್ಟರದು ಮಗನ ಮೊಬೈಲಿನಲ್ಲಿ, ಕಣ್ಣಿನದು ಫೈಲಿನಲ್ಲಿ ಇರುತ್ತದೆ. ಅಟೆಂಡರ್ ಕೈಯಲ್ಲಿ ಇರುವುದು ಮಾತ್ರೆಗಳ ಒಂದು ಪ್ಲಾಸ್ಟಿಕ್ ಚೀಲ. ಎಲ್ಲವನ್ನೂ ಸೇರಿಸಿ ಒಂದು ಹಾಳೆ ಮಾಡಿ, ವೈದ್ಯರಿಗೆ ಅಥವಾ ನರ್ಸಿಗೆ ತೋರಿಸಿ, ದಿನಾಂಕ ಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹಳೆಯ ಹಾಳೆಯನ್ನು ಹರಿದು ಹಾಕಿ. ಎರಡು ಹಾಳೆ ಇರುವ ಮನೆ ಹಾಳೆಯೇ ಇಲ್ಲದ ಮನೆಗಿಂತ ಅಪಾಯ.

ನಮ್ಮ ಡಾಕ್ಟರರು 1-0-1 ಎಂದು ಬರೆಯುತ್ತಾರೆ: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಮಗೆ ಅಭ್ಯಾಸವಾಗಿದೆ, ಹೊಸಬರಿಗೆ ಇಲ್ಲ. ಅದನ್ನು ಬಿಡಿಸಿ, ಆ ಮನೆಯ ದಿನಚರಿಯ ಮಾತಿನಲ್ಲಿ ಬರೆಯಿರಿ. ‘ಎದ್ದ ಕೂಡಲೇ, ಕಾಫಿಗೆ ಮೊದಲು’, ‘ತಿಂಡಿ ಆದ ಮೇಲೆ’, ‘ರಾತ್ರಿ ಊಟಕ್ಕೆ ಕೂರುವ ಮೊದಲು’. ಮಾತ್ರೆಯ ಹೆಸರು, ಯಾವುದಕ್ಕೆ, ಪೂರ್ತಿಯೋ ಅರ್ಧವೋ, ಬಣ್ಣ ಮತ್ತು ಆಕಾರ, ಎಲ್ಲವೂ ಇರಲಿ. ಕನ್ನಡ ಓದಲು ಬಾರದವರು ಕೆಲಸಕ್ಕೆ ಬಂದಿದ್ದರೆ ಸೂರ್ಯ, ಚಂದ್ರನ ಚಿತ್ರ ಬಿಡಿಸಿ, ಪಕ್ಕದಲ್ಲಿ ಖಾಲಿ ಸ್ಟ್ರಿಪ್ಪಿನ ತುಂಡು ಅಂಟಿಸಿ. ಆಮೇಲೆ ಅವರಿಂದಲೇ ಓದಿಸಿ. ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ.

ಹಾಳೆ ಬರೆಯುವಾಗಲೇ ಹಲವು ಮನೆಗಳ ಗುಟ್ಟು ಹೊರಗೆ ಬರುತ್ತದೆ. ಒಂದೇ ಮದ್ದು ಎರಡು ಹೆಸರಿನಲ್ಲಿ ನಡೆಯುತ್ತಿರುತ್ತದೆ. ಡೋಲೋ, ಕ್ರೋಸಿನ್, ಕಾಲ್ಪಾಲ್ ಮೂರೂ ಪ್ಯಾರಸಿಟಮಾಲ್. ಜನೌಷಧಿ ಕೇಂದ್ರದಿಂದ ತಂದ ಬಿಪಿ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಆಮ್ಲೋಡಿಪಿನ್ ಎಂದಿರುತ್ತದೆ. ಹಿಂದಿನ ತಿಂಗಳು ಮೆಡಿಕಲ್ ಶಾಪಿನಿಂದ ತಂದದ್ದರ ಮೇಲೆ ಕಂಪನಿಯ ಹೆಸರು ದಪ್ಪಕ್ಕೆ, ಮದ್ದಿನ ಹೆಸರು ಇರುವೆ ಸಾಲಿನಷ್ಟು ಸಣ್ಣಕ್ಕೆ. ಎರಡೂ ಬೇರೆ ಎಂದುಕೊಂಡು ಎರಡನ್ನೂ ಕೊಟ್ಟರೆ ಬಿಪಿ ಇಳಿದು ಹಿರಿಯರು ಬಚ್ಚಲಿನಲ್ಲಿ ಬೀಳುತ್ತಾರೆ. ಆದ್ದರಿಂದ ಸಣ್ಣ ಅಕ್ಷರದ ಹೆಸರನ್ನೇ ಹಾಳೆಗೆ ಬರೆಯಬೇಕು. ಕಷಾಯ, ಚೂರ್ಣ, ಅರಿಷ್ಟ ಏನೇ ತೆಗೆದುಕೊಳ್ಳುತ್ತಿದ್ದರೂ ಅದೂ ಹಾಳೆಯಲ್ಲಿರಲಿ, ಡಾಕ್ಟರಿಗೂ ಗೊತ್ತಿರಲಿ.

ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆಗೆ ಕೆಂಪು ಶಾಯಿ ಬಳಸಿ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮದ್ದು. ಅದನ್ನು ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ‘ಮಂಗಳವಾರ ಮಾತ್ರ’ ಎಂದು ದಿನದ ಹೆಸರು ಬರೆದು, ಆ ಸ್ಟ್ರಿಪ್ಪನ್ನು ಬೇರೆ ಕಡೆ, ಮನೆಯವರ ಕೈಯಲ್ಲೇ ಇಟ್ಟುಕೊಳ್ಳಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್‌ಗೆ ಬೇರೆ ಕಟ್ಟುಪಾಡು: ಖಾಲಿ ಹೊಟ್ಟೆ, ಬರೀ ನೀರು, ಅದೂ ಒಂದು ಲೋಟ ತುಂಬ, ಆಮೇಲೆ ಅರ್ಧ ಗಂಟೆ ಮಲಗಕೂಡದು. ಮಲಗಿದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ.

ಡಬ್ಬಿ ತುಂಬುವುದು ಮನೆಯವರ ಕೆಲಸ

ಏಳು ದಿನಗಳ ಖಾನೆಯಿರುವ ಮಾತ್ರೆ ಡಬ್ಬಿ ಒಳ್ಳೆಯ ವಸ್ತು. ಆದರೆ ಅದನ್ನು ತುಂಬುವವರು ಮನೆಯವರೋ ನರ್ಸೋ ಆಗಿರಬೇಕು. ಭಾನುವಾರ ಬೆಳಗ್ಗೆ ಟಿವಿ ಆರಿಸಿ, ಹಾಳೆಯನ್ನು ಮುಂದಿಟ್ಟುಕೊಂಡು ತುಂಬಿ. ಅಟೆಂಡರ್ ಮಾಡುವುದು ಆ ಹೊತ್ತಿನ ಖಾನೆ ತೆರೆದು ಹಿರಿಯರ ಮುಂದಿಡುವುದು. ಖಾನೆಯಲ್ಲಿ ಎಷ್ಟು ಮಾತ್ರೆ ಇರಬೇಕೆಂದು ಹಾಳೆಯಲ್ಲಿ ಬರೆದಿದ್ದರೆ ಎಣಿಸಿ ನೋಡಬಹುದು. ನಾಲ್ಕು ಇರಬೇಕಾದಲ್ಲಿ ಐದಿದ್ದರೆ ಕೊಡದೆ ಫೋನ್ ಮಾಡುವ ಅಧಿಕಾರ ಅವರಿಗಿರಬೇಕು.

ಔಷಧ ಅಂಗಡಿಯಲ್ಲಿ ಹತ್ತರ ಸ್ಟ್ರಿಪ್ಪಿನಲ್ಲಿ ನಾಲ್ಕನ್ನೇ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಅವಧಿ ಮುಗಿಯುವ ದಿನಾಂಕ ಹಲವು ಸಲ ಅಂಗಡಿಯಲ್ಲೇ ಉಳಿದ ತುಂಡಿನ ಮೇಲೆ ಇರುತ್ತದೆ. ಸಾಧ್ಯವಾದರೆ ಪೂರ್ತಿ ಸ್ಟ್ರಿಪ್ ತನ್ನಿ. ಆಗದಿದ್ದರೆ ಹೆಸರು ಮತ್ತು ದಿನಾಂಕವನ್ನು ಬಿಲ್ಲಿನ ಜೊತೆ ಸೇರಿಸಿ ಪಿನ್ ಹೊಡೆದಿಡಿ. ಮನೆಯಲ್ಲೂ ಹಾಗೆಯೇ, ದಿನಾಂಕವಿರುವ ತುದಿಯ ಮಾತ್ರೆಯನ್ನು ಕೊನೆಗೆ ತೆಗೆಯಿರಿ. ನಾಲಿಗೆಯ ಕೆಳಗಿಡುವ ಹೃದಯದ ಮಾತ್ರೆಯನ್ನು ಮಾತ್ರ ಡಬ್ಬಿಗೆ ಹಾಕಬೇಡಿ. ಅದು ತನ್ನ ಮೂಲ ಸ್ಟ್ರಿಪ್ಪಿನಲ್ಲಿ ಅಥವಾ ಬಾಟಲಿಯಲ್ಲೇ, ಹಿರಿಯರ ಕೈಗೆ ಎಟುಕುವಲ್ಲೇ ಇರಬೇಕು.

ಒಲೆಯ ಮೇಲಿನ ಶೆಲ್ಫು, ಬಚ್ಚಲಿನ ಕಪಾಟು, ದೀಪ ಉರಿಯುವ ದೇವರ ಗೂಡು, ಇವು ಮಾತ್ರೆಗೆ ಸಲ್ಲ. ಮೊಮ್ಮಕ್ಕಳ ಕೈಗೆ ಸಿಗುವ ಟೀಪಾಯಿಯೂ ಸಲ್ಲ.

ಮಾತ್ರೆಯ ಹೊತ್ತು ಬಂದಾಗ

ಆರೈಕೆಯವರ ನಿಜವಾದ ಕೆಲಸ ಇಲ್ಲಿದೆ. ಇದನ್ನು ಚೆನ್ನಾಗಿ ಮಾಡುವವರು ಮನೆಗೆ ಒಂದು ಭಾಗ್ಯ.

ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಒದ್ದೆ ಕೈಗೆ ಮಾತ್ರೆಯ ಲೇಪ ಅಂಟುತ್ತದೆ. ಹಿರಿಯರನ್ನು ಮಾತನಾಡಿಸಿ. ಪೂರ್ತಿ ಎಚ್ಚರವಾಗಿದ್ದಾರೆಯೇ, ಮಾತಿಗೆ ಮಾತು ಕೊಡುತ್ತಿದ್ದಾರೆಯೇ ಎಂದು ನೋಡಿ. ಮಂಪರಿನಲ್ಲಿರುವವರ ಬಾಯಿಗೆ ಮಾತ್ರೆಯನ್ನೂ ನೀರನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಹೋಗಬಹುದು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಹಾಳೆ ನೋಡಿ, ಖಾನೆಯ ದಿನ ಮತ್ತು ಹೊತ್ತು ನೋಡಿ, ಎಣಿಸಿ. ‘ಅಜ್ಜಿ, ಇದು ಬಿಪಿಯದು, ಇದು ಶುಗರಿನದು’ ಎಂದು ಹೇಳುತ್ತಾ ಅವರ ಅಂಗೈಗೆ ಅಥವಾ ಪುಟ್ಟ ಬಟ್ಟಲಿಗೆ ಹಾಕಿ. ಬಾಯಿಗೆ ಇಟ್ಟುಕೊಳ್ಳುವುದು ಅವರೇ. ಕೈ ನಡುಗಿದರೆ ಮಣಿಕಟ್ಟಿಗೆ ಆಸರೆ ಕೊಡಿ, ಲೋಟ ಹಿಡಿಯಿರಿ. ತಾನೇ ತೆಗೆದುಕೊಂಡೆ ಎಂಬ ಭಾವ ಎಂಬತ್ತೈದರ ವಯಸ್ಸಿನಲ್ಲೂ ದೊಡ್ಡದು.

ನುಂಗುವಾಗ ತಲೆ ಹಿಂದಕ್ಕೆ ಚೆಲ್ಲುವುದು ನಮ್ಮೆಲ್ಲರ ರೂಢಿ. ಹಿರಿಯರಲ್ಲಿ ಅದರಿಂದ ಕೆಮ್ಮು, ನೆತ್ತಿಗೆ ಹತ್ತುವುದು ಹೆಚ್ಚು. ಗದ್ದವನ್ನು ತುಸು ಕೆಳಗೆ ಬಾಗಿಸಿ ನುಂಗಲು ಹೇಳಿ. ಮೊದಲು ಒಂದು ಗುಟುಕು ನೀರಿನಿಂದ ಬಾಯಿ ಒದ್ದೆಯಾಗಲಿ, ಆಮೇಲೆ ಒಂದೊಂದೇ ಮಾತ್ರೆ. ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಬೇಡಿ. ಆದ ಮೇಲೆ ಎರಡು ಮಾತು ಆಡಿಸಿ; ಮಾತ್ರೆ ಕೆನ್ನೆಯೊಳಗೆ ಉಳಿದಿದ್ದರೆ ಗೊತ್ತಾಗುತ್ತದೆ. ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪುಸ್ತಕದಲ್ಲಿ ಗುರುತು ಹಾಕಿ. ಮೇಜಿನ ಮೇಲಿಟ್ಟು ‘ಆಮೇಲೆ ತೆಗೆದುಕೊಳ್ಳಿ’ ಎಂದು ಒಳಗೆ ಹೋಗಿ ಗುರುತು ಹಾಕುವುದು ಬೇಡ. ಸೋಫಾದ ಸಂದಿಯಲ್ಲಿ ಒಂದೇ ಸಲ ಏಳು ಮಾತ್ರೆ ಸಿಕ್ಕ ಮನೆಯನ್ನು ನಾನು ನೋಡಿದ್ದೇನೆ.

ಥೈರಾಯ್ಡ್ ಮಾತ್ರೆಯದು ನಮ್ಮ ಕಡೆ ಕಾಫಿಯೊಂದಿಗಿನ ಜಗಳ. ಅದನ್ನು ನೀರಿನಲ್ಲಿ ನುಂಗಿ ಕನಿಷ್ಠ ಅರ್ಧ ಗಂಟೆ, ಆಗುವುದಾದರೆ ಒಂದು ಗಂಟೆ ಕಾಫಿ, ತಿಂಡಿ ಏನೂ ಬೇಡ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಆರು ಗಂಟೆಗೆ ಫಿಲ್ಟರ್ ಕಾಫಿ ಇಲ್ಲದೆ ಕಣ್ಣು ಬಿಡದ ಅಜ್ಜನಿಗೆ ಇದನ್ನು ಒಪ್ಪಿಸುವುದು ಅಟೆಂಡರಿನಿಂದ ಆಗುವ ಮಾತಲ್ಲ. ಐದೂವರೆಗೆ ಎಚ್ಚರವಾದಾಗಲೇ ಹಾಸಿಗೆಯ ಪಕ್ಕದ ಲೋಟದ ನೀರಿನಲ್ಲಿ ನುಂಗಿಸುವ ಏರ್ಪಾಡನ್ನು ಮನೆಯವರೇ ಮಾಡಿಕೊಡಬೇಕು.

ಮಾತ್ರೆಯಲ್ಲದ ಮದ್ದುಗಳೂ ಇವೆ. ಕಣ್ಣಿಗೆ ಹನಿ ಹಾಕುವಾಗ ಕೆಳರೆಪ್ಪೆಯನ್ನು ಮೆಲ್ಲನೆ ಕೆಳಕ್ಕೆ ಎಳೆದು ಅಲ್ಲಿಗೆ ಒಂದೇ ಹನಿ, ಬಾಟಲಿಯ ತುದಿ ಎಲ್ಲಿಗೂ ತಾಗದಂತೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ಒಂದು ತಿಂಗಳಾದ ಮೇಲೆ ಎಸೆಯಿರಿ. ಗಾಯವಿಲ್ಲದ ಚರ್ಮಕ್ಕೆ ಹೇಳಿದ ಮುಲಾಮು ಹಚ್ಚುವುದೂ ಆಗಬಹುದು. ಉಸಿರಾಟದ ಪಂಪನ್ನು ಅಲುಗಾಡಿಸಿ ಕೈಗೆ ಕೊಟ್ಟು, ಆದ ಮೇಲೆ ಬಾಯಿ ಮುಕ್ಕಳಿಸಲು ನೀರು ಕೊಡಿ. ಸ್ಟಿರಾಯ್ಡ್ ಇರುವ ಪಂಪಿನ ನಂತರ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಯಂತ್ರದಲ್ಲಿಟ್ಟು ಎಳೆಯುವ ರೋಟಾಕ್ಯಾಪ್ ನೋಡಲು ನುಂಗುವ ಕ್ಯಾಪ್ಸೂಲಿನಂತೆಯೇ ಇರುತ್ತದೆ. ಅದನ್ನು ನೀರಿನಲ್ಲಿ ನುಂಗಿ ‘ದಮ್ಮು ಕಡಿಮೆಯೇ ಆಗುತ್ತಿಲ್ಲ’ ಎಂದು ಕೊರಗುವವರು ಬೇಕಾದಷ್ಟು ಜನ ಇದ್ದಾರೆ. ಆ ಡಬ್ಬದ ಮೇಲೆ ‘ನುಂಗುವುದಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಇಲ್ಲಿ ಕೈ ನಿಲ್ಲಬೇಕು

ಡೋಸ್ ಹೆಚ್ಚು ಕಡಿಮೆ ಮಾಡುವುದು, ಒಂದು ಮಾತ್ರೆಯ ಬದಲು ಇನ್ನೊಂದು ಕೊಡುವುದು, ಕೇಳದೆ ಪುಡಿ ಮಾಡುವುದು, ಕ್ಯಾಪ್ಸೂಲ್ ಬಿಚ್ಚುವುದು, ಮೂಗಿನ ನಳಿಕೆಯಲ್ಲಿ ಮದ್ದು ಬಿಡುವುದು, ಡ್ರಿಪ್, ಇಂಜೆಕ್ಷನ್, ಇವು ಅಟೆಂಡರಿನ ಕೆಲಸವಲ್ಲ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಇಸಿ ಎಂದಿರುವ ಮಾತ್ರೆಯನ್ನು ಕುಟ್ಟಬಾರದು. ನುಂಗಲು ಕಷ್ಟವಾಗುತ್ತಿದೆ ಎಂದರೆ ವೈದ್ಯರಿಗೆ ಹೇಳಿ. ಅದೇ ಮದ್ದು ದ್ರವರೂಪದಲ್ಲಿ ಸಿಗಬಹುದು, ಅಥವಾ ಬೇರೆ ಮಾತ್ರೆ ಬರೆದುಕೊಡಬಹುದು. ನುಂಗುವ ಕಷ್ಟವೇ ಹೊಸದಾಗಿ ಬಂದಿದ್ದರೆ ಅದೇ ಒಂದು ರೋಗಲಕ್ಷಣ.

ಇನ್ಸುಲಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಬಣ್ಣದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 10 ಯೂನಿಟ್ ಅಲ್ಲ, 25. ಅಂಗಡಿಯವರು ಬೇರೆ ಸಿರಿಂಜ್ ಕೊಟ್ಟ ಒಂದೇ ಕಾರಣಕ್ಕೆ ಹಿರಿಯರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಬಹುದು. ಆದ್ದರಿಂದ ಇನ್ಸುಲಿನ್ ಎಳೆಯುವುದು, ಪೆನ್ನಿನಲ್ಲಿ ಯೂನಿಟ್ ತಿರುಗಿಸುವುದು, ಚುಚ್ಚುವುದು ಹಿರಿಯರು ತಾವೇ, ಇಲ್ಲವೇ ಮನೆಯವರು ಅಥವಾ ನರ್ಸ್ ಮಾಡಬೇಕು. ಅಟೆಂಡರ್ ಪೆನ್ ತಂದುಕೊಡಬಹುದು, ಕಲಿಸಿದ್ದರೆ ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ ಬರೆಯಬಹುದು, ತಿಂಡಿ ಸಿದ್ಧವಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬಹುದು. ಈ ಕೊನೆಯದು ಸಣ್ಣ ಕೆಲಸವಲ್ಲ. ಇನ್ಸುಲಿನ್ ಹಾಕಿಸಿಕೊಂಡು, ದೋಸೆ ಹಿಟ್ಟು ರುಬ್ಬಿ ಆಗಲಿ ಎಂದು ಕಾಯುತ್ತಾ ಕುಸಿದವರಿದ್ದಾರೆ.

ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆಯಬೇಡಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು, ತುಂಬಿದ ಮೇಲೆ ಹತ್ತಿರದ ಆಸ್ಪತ್ರೆ ಅಥವಾ ಪ್ರಯೋಗಾಲಯದವರನ್ನು ಕೇಳಿ ಒಪ್ಪಿಸಿ. ಕಸಕ್ಕೆ ಎಸೆದ ಸೂಜಿ ನೆಡುವುದು ಪೌರಕಾರ್ಮಿಕರ ಕೈಗೆ.

ಮೈ ಬೆವರಿ, ಕೈ ನಡುಗಿ, ಮಾತು ತೊದಲಿ, ಕಾರಣವಿಲ್ಲದೆ ಸಿಡುಕಿದರೆ ಶುಗರ್ ಇಳಿದಿರಬಹುದು. 70ಕ್ಕಿಂತ ಕಡಿಮೆ ಬಂದರೆ, ಅಥವಾ ನೋಡಲು ಯಂತ್ರವೇ ಇಲ್ಲದಿದ್ದರೆ, ಎಚ್ಚರವಿರುವವರಿಗೆ ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಇಷ್ಟನ್ನು ಅಟೆಂಡರ್ ಯಾರ ಅಪ್ಪಣೆಗೂ ಕಾಯದೆ ಮಾಡಬೇಕು. ಹಾಗೆಂದು ಮೊದಲೇ ಹೇಳಿಡಿ.

‘ಬೇಕಾದಾಗ ಮಾತ್ರ’ ಎಂದು ಬರೆದಿರುವ ನಿದ್ರೆ ಮಾತ್ರೆ, ನೋವಿನ ಮಾತ್ರೆ, ಭೇದಿ ಮಾತ್ರೆಗಳು ಇನ್ನೊಂದು ಗೆರೆ. ‘ಬೇಕಾಗಿದೆ’ ಎಂದು ತೀರ್ಮಾನಿಸುವವರು ಯಾರು? ರಾತ್ರಿ ಪಾಳಿಯಲ್ಲಿ ಅಜ್ಜ ಹತ್ತು ಸಲ ಏಳುತ್ತಿದ್ದಾರೆ, ಅಟೆಂಡರಿಗೂ ನಿದ್ದೆಯಿಲ್ಲ, ಸ್ಟ್ರಿಪ್ ಕೈಗೆ ಎಟುಕುವಲ್ಲೇ ಇದೆ. ಆ ಪರೀಕ್ಷೆಗೆ ಯಾರನ್ನೂ ಒಡ್ಡಬೇಡಿ. ನಿದ್ರೆ ಮಾತ್ರೆಯ ಮಂಪರಿನಲ್ಲಿ ಎದ್ದು ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ವಾರ್ಡಿನಲ್ಲಿ ಸಾಕಷ್ಟು ನೋಡಿದ್ದೇನೆ. ಇಂಥವನ್ನು ಮನೆಯವರ ಬೀಗದಲ್ಲಿಟ್ಟು, ಫೋನ್ ಮಾಡಿ ಕೇಳಿದ ಮೇಲೆಯೇ ಕೊಡುವಂತೆ ಮಾಡಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಇದ್ದರೆ ಪ್ರತಿ ಪಾಳಿಗೂ ಎಣಿಸಿ ಬರೆಯಿರಿ. ಅದು ಅನುಮಾನದ ಮಾತಲ್ಲ. ಎಣಿಕೆ ಬರೆದಿದ್ದರೆ ನಾಳೆ ಅಟೆಂಡರಿನ ಮೇಲೆ ಅನುಮಾನ ಬರುವುದಿಲ್ಲ.

ಬೇಡ ಎಂದರೆ, ಮರೆತರೆ, ತಪ್ಪಿದರೆ

ಹಿರಿಯರು ‘ಬೇಡ’ ಎಂದರೆ ಬಾಯಿ ಬಿಡಿಸಿ ತುರುಕಬಾರದು. ಯಾಕೆ ಎಂದು ಕೇಳಿ. ಕಹಿಯೇ, ಹೊಟ್ಟೆ ಉರಿಯೇ, ಪದೇ ಪದೇ ಮೂತ್ರಕ್ಕೆ ಏಳಬೇಕೆಂಬ ಹೆದರಿಕೆಯೇ? ಒಬ್ಬ ಅಜ್ಜ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ದೇವಸ್ಥಾನಕ್ಕೆ ಹೋಗುವ ದಿನ ಮಾತ್ರ ಉಗುಳುತ್ತಿದ್ದರು. ಡಾಕ್ಟರನ್ನು ಕೇಳಿ ಆ ದಿನಗಳಲ್ಲಿ ಹೊತ್ತು ಬದಲಿಸಿದ ಮೇಲೆ ಉಗುಳುವುದು ನಿಂತಿತು. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಕೇಳಿ. ಆಗಲೂ ಬೇಡವೆಂದರೆ ಬರೆದು ಫೋನ್ ಮಾಡಿ. ಮರೆವಿನ ಕಾಯಿಲೆ ಇರುವವರಿಗೆ ಪಾಯಸದಲ್ಲಿ, ಮುದ್ದೆಯಲ್ಲಿ ಮಾತ್ರೆ ಬಚ್ಚಿಟ್ಟು ಕೊಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ವೈದ್ಯರೂ ಮನೆಯವರೂ ಕೂತು ಒಪ್ಪದ ಹೊರತು ಅದನ್ನು ಅಟೆಂಡರ್ ಕೈಯಲ್ಲಿ ಮಾಡಿಸಬಾರದು. ಒಮ್ಮೆ ಗೊತ್ತಾದರೆ ಹಿರಿಯರು ಊಟವನ್ನೇ ಬಿಡುತ್ತಾರೆ.

ಒಂದು ಹೊತ್ತು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡು ಕೊಡಬಾರದು. ಕೊಟ್ಟೆನೋ ಇಲ್ಲವೋ ನೆನಪಿಲ್ಲ ಎಂದರೂ ಮತ್ತೆ ಕೊಡಬಾರದು, ಕೇಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ದಿನ ಶುಗರ್ ಮಾತ್ರೆ ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿ ಹಾಳೆಯಲ್ಲಿ ಬರೆದಿಡಿ. ವಾಂತಿ ಭೇದಿಯಾದ ದಿನವೂ ಹಾಗೆಯೇ. ಬಿಪಿ, ಮೂತ್ರ, ಶುಗರ್ ಮಾತ್ರೆಗಳನ್ನು ಆ ದಿನ ಕೊಡುವ ಮೊದಲು ವೈದ್ಯರಿಗೆ ಒಂದು ಫೋನ್. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು. ಮಲ ಕಪ್ಪಗಾದರೆ, ವಸಡಿನಲ್ಲಿ ರಕ್ತ ಬಂದರೆ ಅಂದೇ ಹೇಳಬೇಕು.

ತಪ್ಪು ಮಾತ್ರೆ ಹೋಗಿಬಿಟ್ಟರೆ? ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದು, ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ವೈದ್ಯರಿಗೆ ಫೋನ್ ಮಾಡಿ. ಉಸಿರು, ಎಚ್ಚರ ಏರುಪೇರಾದರೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಮನೆಯವರಿಗೆ ನನ್ನದೊಂದು ಕೋರಿಕೆ: ಆರೈಕೆಯವರು ‘ತಪ್ಪಾಯಿತು’ ಎಂದು ಫೋನ್ ಮಾಡಿದ ಆ ಗಳಿಗೆಯಲ್ಲಿ ಬೈಯಬೇಡಿ. ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಿ. ಕೆಲಸ ಹೋಗುವ ಭಯದಲ್ಲಿ ಬಚ್ಚಿಟ್ಟ ಅರ್ಧ ಗಂಟೆ ಒಂದು ಜೀವವನ್ನೇ ಕಳೆಯಬಹುದು.

ಪುಸ್ತಕ ಮತ್ತು ಪಾಳಿ

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ದಿನಾಂಕ, ಗಂಟೆ, ಏನಾಯಿತು. ಆ ಕುಟ್ಟಾಣಿಯ ಮನೆಯ ಹುಡುಗಿ ಆಮೇಲೆ ಬರೆಯುತ್ತಿದ್ದುದು ಹೀಗೆ: ‘8.40 ಅಜ್ಜಿ ಬೇಡ ಎಂದರು. 9.05 ಇಡ್ಲಿ ಆದ ಮೇಲೆ 4 ಮಾತ್ರೆ ತೆಗೆದುಕೊಂಡರು. ಕಾಲು ಊದಿದೆ, ನಿನ್ನೆ ಇರಲಿಲ್ಲ.’ ಆ ಕೊನೆಯ ವಾಕ್ಯ ನೋಡಿಯೇ ಡಾಕ್ಟರ್ ಅಜ್ಜಿಯ ಬಿಪಿ ಮಾತ್ರೆ ಬದಲಿಸಿದರು. ದಿನವಿಡೀ ಜೊತೆಗಿರುವವರ ಕಣ್ಣಿಗೆ ಬೀಳುವುದು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುವ ನಮಗೆ ಬೀಳುವುದಿಲ್ಲ.

ಹಗಲು ಪಾಳಿಯವರು ಹೋಗಿ ರಾತ್ರಿಯವರು ಬರುವಾಗ ಇಬ್ಬರೂ ಐದು ನಿಮಿಷ ಒಟ್ಟಿಗೆ ನಿಂತು ಪುಸ್ತಕ ನೋಡಬೇಕು. ಬಸ್ಸಿಗೆ ಹೊತ್ತಾಯಿತೆಂದು ಒಬ್ಬರು ಗೇಟಿನಲ್ಲೇ ಚಪ್ಪಲಿ ಮೆಟ್ಟುತ್ತಾ ‘ಎಲ್ಲಾ ಆಗಿದೆ’ ಎಂದು ಹೋದ ದಿನವೇ ರಾತ್ರಿಯ ಮಾತ್ರೆ ಎರಡು ಸಲ ಆಗುವುದು. ಆ ಐದು ನಿಮಿಷವನ್ನು ಸಂಬಳದ ಹೊತ್ತಿನೊಳಗೇ ಸೇರಿಸಿ.

ವಿದೇಶದಲ್ಲಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ರಾತ್ರಿ ನಮ್ಮ ಬೆಳಗು. ನೀವು ಅಂತರ್ಜಾಲದಲ್ಲಿ ಓದಿ ‘ಆ ಮಾತ್ರೆ ನಿಲ್ಲಿಸು’ ಎಂದು ಅಟೆಂಡರಿಗೆ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಕಳಿಸಬೇಡಿ. ಅನುಮಾನವಿದ್ದರೆ ವೈದ್ಯರೊಂದಿಗೆ ನೀವೇ ಮಾತನಾಡಿ, ಅವರಿಂದ ಬರಹದಲ್ಲಿ ಪಡೆದು, ಊರಿನಲ್ಲಿರುವ ಒಬ್ಬರ ಮೂಲಕ ಹಾಳೆ ಬದಲಿಸಿ. ಅಪ್ಪಣೆ ಕೊಡುವವರು ಒಬ್ಬರೇ ಇರಲಿ. ಮೂವರು ಮಕ್ಕಳು ಮೂರು ದೇಶದಿಂದ ಮೂರು ಮಾತು ಹೇಳಿದರೆ ಆ ಹುಡುಗಿ ಯಾರ ಮಾತು ಕೇಳಬೇಕು?

ವೈದ್ಯರು ಒಂದು ಮದ್ದು ನಿಲ್ಲಿಸಿದರೆ ಉಳಿದ ಸ್ಟ್ರಿಪ್ಪುಗಳನ್ನು ಅಂದೇ ಮನೆಯಿಂದ ಹೊರಗೆ ಕಳಿಸಿ. ಮುಂದೆ ಬೇಕಾದೀತು ಎಂದು ಇಟ್ಟದ್ದೇ ಮುಂದಿನ ಅಟೆಂಡರಿನ ಕೈಗೆ ಸಿಗುತ್ತದೆ.

ಕೊನೆಯದಾಗಿ, ಹಾಳೆಯ ಪಕ್ಕದಲ್ಲೇ ಇನ್ನೊಂದು ಚೀಟಿ ಅಂಟಿಸಿ: ವೈದ್ಯರ ಸಂಖ್ಯೆ, ಮನೆಯವರ ಸಂಖ್ಯೆ, ಮನೆಯ ಇನ್ನೊಂದು ಕೀಲಿ ಇಟ್ಟುಕೊಂಡಿರುವ ನೆರೆಮನೆಯವರ ಸಂಖ್ಯೆ, 108, ಮತ್ತು ಮನೆಯ ಪೂರ್ತಿ ವಿಳಾಸ. ‘ಎಷ್ಟನೇ ಕ್ರಾಸ್, ಯಾವ ದೇವಸ್ಥಾನದ ಹಿಂದೆ’ ಎಂದು ಆಂಬ್ಯುಲೆನ್ಸಿನವರು ಕೇಳಿದಾಗ, ಬೇರೆ ಊರಿನಿಂದ ಬಂದು ನಿಮ್ಮ ಮನೆಯೊಳಗೇ ದಿನ ಕಳೆಯುವ ಹೆಣ್ಣುಮಗಳಿಗೆ ಅದು ಗೊತ್ತಿರುವುದಿಲ್ಲ. ಹೆದರಿದ ಕೈಯಲ್ಲಿ ಫೋನ್ ಹಿಡಿದುಕೊಂಡು ಆಕೆ ಓದಿ ಹೇಳುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಕೆಯ ಫೋನಿಗೆ ಕರೆನ್ಸಿ ಇದೆಯೇ ಎಂದೂ ಇವತ್ತೇ ಕೇಳಿ.